ಒಂಬತ್ತನೆಯ ಬಿಟ್

ಕಂಪ್ಯೂಟರಿನೊಳಗೂ ಒಂದು ಬಸ್ ಇದೆ. ಪ್ರೊಸೆಸರ್, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಇವುಗಳ ನಡುವೆ ಮಾಹಿತಿ ಹೋಗಿಬರಲು ಎಳೆದಿರುವ ತಂತಿಗಳ ಸಾಲಿಗೆ ಎಂಜಿನಿಯರುಗಳು ಇಟ್ಟ ಹೆಸರು ಅದು. ನಾವು ದಿನವೂ ಹತ್ತಿ ಇಳಿಯುವ ಬಸ್ಸಿಗೂ ಇದಕ್ಕೂ ಹೆಸರಿನ ಮೂಲ ಒಂದೇ: ‘ಎಲ್ಲರಿಗೂ’ ಎಂಬ ಅರ್ಥದ ‘ಒಮ್ನಿಬಸ್’ ಎನ್ನುವ ಲ್ಯಾಟಿನ್ ಮಾತು. ಅದು ಮೊದಲು ಕುದುರೆಗಾಡಿಗೆ ಅಂಟಿಕೊಂಡಿತು, ಆಮೇಲೆ ವಿದ್ಯುತ್ ಕೇಂದ್ರಗಳಲ್ಲಿ ಎಲ್ಲ ಸಲಕರಣೆಗಳಿಗೂ ಕರೆಂಟು ಹಂಚುವ ದಪ್ಪ ತಾಮ್ರದ ಪಟ್ಟಿಗೆ ಬಂತು, ಕೊನೆಗೆ ಕಂಪ್ಯೂಟರಿಗೂ ಇಳಿಯಿತು.

ಹೆಸರು ಹೇಗೂ ಒಂದೇ ಆಗಿರುವುದರಿಂದ, ನಮ್ಮ ಸಾರಿಗೆ ಬಸ್ಸಿನ ಕಂಡಕ್ಟರನ್ನೇ ಇಲ್ಲಿಗೆ ಕರೆದುಕೊಳ್ಳೋಣ. ಆತ ಆಗಾಗ ತಲೆ ಎಣಿಸಿ, ಕೊಟ್ಟ ಟಿಕೆಟ್ಟುಗಳ ಜೊತೆ ತಾಳೆ ನೋಡುತ್ತಾನೆ. ಒಂದು ತಲೆ ಹೆಚ್ಚು ಬಂದರೆ ಯಾರೋ ಟಿಕೆಟ್ ಪಡೆದಿಲ್ಲ ಎಂದು ಗೊತ್ತಾಗುತ್ತದೆ. ಯಾರು ಎನ್ನುವುದನ್ನು ಮಾತ್ರ ಎಣಿಕೆ ಹೇಳುವುದಿಲ್ಲ. ಒಬ್ಬ ಟಿಕೆಟ್ ಪಡೆಯದೆ ಕೂತಿದ್ದು, ಇನ್ನೊಬ್ಬ ಪಡೆದ ಟಿಕೆಟ್ಟಿನ ಊರು ಬರುವ ಮೊದಲೇ ಇಳಿದುಹೋಗಿದ್ದರಂತೂ ಎರಡು ತಪ್ಪೂ ಸೇರಿ ಲೆಕ್ಕ ಸರಿಯಾಗಿಬಿಡುತ್ತದೆ. ಲೆಕ್ಕ ತಪ್ಪಿದ್ದು ಗೊತ್ತಾದಾಗ ಕಂಡಕ್ಟರನ ಮುಂದೆ ನಿಜವಾದ ಪ್ರಶ್ನೆ ಏಳುತ್ತದೆ. ಬಸ್ಸನ್ನು ಪಕ್ಕಕ್ಕೆ ಹಾಕಿಸಿ ಎಲ್ಲರ ಟಿಕೆಟ್ ನೋಡಬೇಕೆ, ಅಥವಾ ಹೊತ್ತಾಯಿತೆಂದು ಸುಮ್ಮನೆ ಮುಂದೆ ಹೋಗಬೇಕೆ?

ಕಂಪ್ಯೂಟರಿನಲ್ಲಿ ಈ ಎಣಿಕೆಗೆ ‘ಪ್ಯಾರಿಟಿ’ ಎನ್ನುತ್ತಾರೆ. ಎಂಟು ಬಿಟ್‌ಗಳ ಜೊತೆಗೆ ಒಂಬತ್ತನೆಯದೊಂದನ್ನು ಸೇರಿಸುವುದು. ಒಂಬತ್ತರಲ್ಲಿ ಒಟ್ಟು ‘ಒಂದು’ಗಳ ಸಂಖ್ಯೆ ಸದಾ ಬೆಸವಾಗಿರುವಂತೆ (ಅಥವಾ ಸದಾ ಸಮವಾಗಿರುವಂತೆ) ನೋಡಿಕೊಳ್ಳುವುದು. ದಾರಿಯಲ್ಲಿ ಒಂದು ಬಿಟ್ ಮಗುಚಿದರೆ ಎಣಿಕೆ ಕೆಡುತ್ತದೆ. ಎರಡು ಮಗುಚಿದರೆ, ಮೇಲೆ ಹೇಳಿದ ಬಸ್ಸಿನ ಹಾಗೆ, ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಇದರ ಇತಿಹಾಸವನ್ನು ತಪ್ಪು ಹಿಡಿಯುವ ಗಣಿತದ ಪ್ರಗತಿ ಎಂದು ಹೇಳಿಬಿಡುವುದು ವಾಡಿಕೆ. ನನಗೆ ಕುತೂಹಲ ಇರುವುದು ಅದರ ಇನ್ನೊಂದು ಮಗ್ಗುಲಲ್ಲಿ: ತಪ್ಪು ಗೊತ್ತಾದ ಮೇಲೆ ಯಂತ್ರ ಅದನ್ನು ಯಾರಿಗೆ ಹೇಳಬೇಕು, ಹೇಳಿದರೆ ಕೇಳುವವರು ಯಾರು?

ಈ ಪ್ರಶ್ನೆ ಒಬ್ಬ ಗಣಿತಜ್ಞನ ವಾರಾಂತ್ಯ ಕೆಡಿಸಿದ್ದು 1947ರ ಸುಮಾರಿಗೆ. ರಿಚರ್ಡ್ ಹ್ಯಾಮಿಂಗ್ ಆಗ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದರು. ಅಲ್ಲಿನ ರಿಲೇ ಕಂಪ್ಯೂಟರಿನಲ್ಲಿ ಸಾವಿರಾರು ವಿದ್ಯುತ್ಕಾಂತ ಸ್ವಿಚ್ಚುಗಳು ಟಕಟಕ ಸದ್ದು ಮಾಡುತ್ತ ಲೆಕ್ಕ ಮಾಡುತ್ತಿದ್ದವು. ಪ್ರತಿಯೊಂದು ಅಂಕಿಗೂ ಇಷ್ಟೇ ಸ್ವಿಚ್ಚುಗಳು ಮುಚ್ಚಿರಬೇಕೆಂಬ ನಿಯಮವಿತ್ತು. ಒಂದು ಹೆಚ್ಚಾದರೂ ಕಡಿಮೆಯಾದರೂ ಯಂತ್ರಕ್ಕೆ ತಕ್ಷಣ ತಿಳಿಯುತ್ತಿತ್ತು. ಹಗಲು ಹೊತ್ತಿನಲ್ಲಿ ಅದು ನಿಂತು ಗಂಟೆ ಬಾರಿಸಿದರೆ ಸಿಬ್ಬಂದಿ ಓಡಿಬಂದು ಸರಿಪಡಿಸುತ್ತಿದ್ದರು. ವಾರಾಂತ್ಯದಲ್ಲಿ ಯಾರೂ ಇರುತ್ತಿರಲಿಲ್ಲ. ಹಾಗಾಗಿ ತಪ್ಪು ಕಂಡ ಲೆಕ್ಕವನ್ನು ಅಲ್ಲಿಗೇ ಬಿಟ್ಟು ಮುಂದಿನವರ ಲೆಕ್ಕಕ್ಕೆ ಹೋಗುತ್ತಿತ್ತು. ವಾರಾಂತ್ಯದಲ್ಲಷ್ಟೇ ಯಂತ್ರ ಸಿಗುತ್ತಿದ್ದ ಹ್ಯಾಮಿಂಗ್, ಸತತ ಎರಡು ಸೋಮವಾರ ಬಂದು ನೋಡಿದಾಗ ತಮ್ಮ ಲೆಕ್ಕ ಅರ್ಧಕ್ಕೇ ನಿಂತಿತ್ತು. ತಪ್ಪಿದೆ ಎಂದು ಗೊತ್ತಾಗುವ ಯಂತ್ರಕ್ಕೆ ಅದು ಎಲ್ಲಿದೆ ಎಂದೂ ಏಕೆ ಗೊತ್ತಾಗಬಾರದು ಎಂಬ ಸಿಟ್ಟಿನಿಂದ ಹುಟ್ಟಿದ್ದು ಹ್ಯಾಮಿಂಗ್ ಸಂಕೇತ. ಪ್ರಬಂಧ ಪ್ರಕಟವಾದದ್ದು 1950ರಲ್ಲಿ.

ಅದರ ಉಪಾಯ ಎಷ್ಟು ಸರಳವೆಂದರೆ ಕಾಗದದ ಮೇಲೆ ಯಾರು ಬೇಕಾದರೂ ಮಾಡಿ ನೋಡಬಹುದು. ಏಳು ಸ್ಥಾನಗಳನ್ನು ತೆಗೆದುಕೊಳ್ಳಿ. ಒಂದೇ ಎಣಿಕೆಯ ಬದಲು ಮೂರು ಎಣಿಕೆ ಇಡಿ. ಮೊದಲನೆಯದು 1, 3, 5, 7ನೆಯ ಸ್ಥಾನಗಳನ್ನು ನೋಡಲಿ. ಎರಡನೆಯದು 2, 3, 6, 7. ಮೂರನೆಯದು 4, 5, 6, 7. ಈ ಎಣಿಕೆಗಳಿಗೆ ಕ್ರಮವಾಗಿ 1, 2, 4 ಎಂಬ ಬೆಲೆ ಕೊಡಿ. ಈಗ ಮೊದಲನೆಯದೂ ಮೂರನೆಯದೂ ಕೆಟ್ಟು, ಎರಡನೆಯದು ಸರಿ ಇದ್ದರೆ ಒಂದು ಕೂಡಿಸು ನಾಲ್ಕು ಐದು: ಐದನೆಯ ಸ್ಥಾನದ ಬಿಟ್ ಮಗುಚಿದೆ. ಅದನ್ನು ತಿರುಗಿಸಿಟ್ಟರೆ ಆಯಿತು. ಏಳರಲ್ಲಿ ನಾಲ್ಕು ಸ್ಥಾನ ಮಾಹಿತಿಗೆ, ಮೂರು ಕಾವಲಿಗೆ. ದೊಡ್ಡ ಗುಂಪುಗಳಲ್ಲಿ ಕಾವಲಿನ ಪಾಲು ಕಡಿಮೆಯಾಗುತ್ತ ಹೋಗುತ್ತದೆ. 64 ಬಿಟ್‌ಗಳಿಗೆ ಎಂಟು ಕಾವಲು ಬಿಟ್ ಇಟ್ಟರೆ ಒಂದು ತಪ್ಪನ್ನು ತಿದ್ದಬಹುದು, ಎರಡನ್ನು ಪತ್ತೆ ಹಚ್ಚಬಹುದು.

ಅಂದರೆ ಎಲೆಕ್ಟ್ರಾನಿಕ್ ಕಂಪ್ಯೂಟರುಗಳು ಮಾರುಕಟ್ಟೆಗೆ ಬರುವ ಹೊತ್ತಿಗೇ ಬೇಕಾದ ಗಣಿತ ಕೈಯಲ್ಲಿತ್ತು. 1951ರ ಯೂನಿವ್ಯಾಕ್ ಯಂತ್ರ ಇನ್ನೂ ಒರಟಾದ ದಾರಿ ಹಿಡಿದಿತ್ತು. ಲೆಕ್ಕ ಮಾಡುವ ಸರ್ಕ್ಯೂಟನ್ನೇ ಎರಡೆರಡು ಇಟ್ಟು, ಎರಡರ ಉತ್ತರವೂ ಒಂದೇ ಬಂದರೆ ಮಾತ್ರ ಮುಂದೆ ಹೋಗುವುದು. ದುಬಾರಿ ದಾರಿ ನಿಜ. ಆದರೆ ನಿರ್ವಾತ ನಳಿಕೆಗಳು ಯಾವಾಗ ಬೇಕಾದರೂ ಕೈಕೊಡುತ್ತಿದ್ದ ಆ ಕಾಲದಲ್ಲಿ ಯಂತ್ರವನ್ನು ಕಣ್ಣುಮುಚ್ಚಿ ನಂಬುವ ಧೈರ್ಯ ಅದನ್ನು ಕಟ್ಟಿದವರಿಗೇ ಇರಲಿಲ್ಲ.

ಟ್ರಾನ್ಸಿಸ್ಟರ್ ಬಂದ ಮೇಲೆ ಧೈರ್ಯ ಬಂತು. ಸೆಮೂರ್ ಕ್ರೇ ವಿನ್ಯಾಸ ಮಾಡಿದ ಸಿಡಿಸಿ 6600, 1964ರಲ್ಲಿ ಬಂದಾಗ ಜಗತ್ತಿನಲ್ಲೇ ಅತಿ ವೇಗದ ಕಂಪ್ಯೂಟರ್. ಅದರ ಮೆಮೊರಿಗೆ ಪ್ಯಾರಿಟಿ ಇರಲಿಲ್ಲ. ‘ಪ್ಯಾರಿಟಿ ಏನಿದ್ದರೂ ರೈತರಿಗೆ’ ಎಂದು ಕ್ರೇ ಹೇಳಿದರೆಂದು ಪ್ರತೀತಿ. ಅಮೆರಿಕದಲ್ಲಿ ಬೆಳೆಗೆ ಸರ್ಕಾರ ಲೆಕ್ಕ ಹಾಕುವ ನ್ಯಾಯಬೆಲೆಗೂ ‘ಪ್ಯಾರಿಟಿ’ ಎಂದೇ ಹೆಸರು, ಕುಹಕ ಅಲ್ಲಿದೆ. ಮಾತಿನ ಹಿಂದೆ ಲೆಕ್ಕಾಚಾರವೂ ಇತ್ತು. ತಾಳೆ ನೋಡಲು ಸಮಯ ಹಿಡಿಯುತ್ತದೆ, ಹೆಚ್ಚಿನ ಸರ್ಕ್ಯೂಟ್ ಬೇಕಾಗುತ್ತದೆ, ಆ ಸರ್ಕ್ಯೂಟೂ ಕೆಡಬಹುದು.

ಈ ವಾದಕ್ಕೆ ಉತ್ತರ ಬಂದದ್ದು ಆಕಾಶದಿಂದ. ಕ್ರೇ ಅವರದ್ದೇ ಸಂಸ್ಥೆಯ ಮೊದಲ ಕ್ರೇ-1 ಯಂತ್ರವನ್ನು 1976ರಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯಕ್ಕೆ ಪರೀಕ್ಷೆಗೆ ಕೊಟ್ಟರು. ಈ ಸಲ ಪ್ಯಾರಿಟಿ ಇತ್ತು, ತಪ್ಪು ತಿದ್ದುವ ಏರ್ಪಾಡು ಇರಲಿಲ್ಲ. ಆರು ತಿಂಗಳಲ್ಲಿ 152 ಮೆಮೊರಿ ತಪ್ಪುಗಳು ದಾಖಲಾದವು. ಲಾಸ್ ಅಲಮೋಸ್ ಇರುವುದು ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಮೇಲೆ. ವಿಶ್ವಕಿರಣಗಳಿಂದ ಹುಟ್ಟುವ ನ್ಯೂಟ್ರಾನುಗಳ ಸುರಿಮಳೆ ಅಲ್ಲಿ ಕೆಳನಾಡಿಗಿಂತ ಹೆಚ್ಚು. ಹಲವು ದಶಕಗಳ ಮೇಲೆ ಹಳೆಯ ದಾಖಲೆಗಳನ್ನು ತೆಗೆದು ನೋಡಿದ ಸಂಶೋಧಕರು ಆ ತಪ್ಪುಗಳಿಗೆ ಈ ನ್ಯೂಟ್ರಾನುಗಳನ್ನೇ ಕಾರಣವಾಗಿ ತೋರಿಸಿದರು. ಅಂದಿನ ಎಂಜಿನಿಯರುಗಳಿಗೆ ಕಾರಣ ತಿಳಿದಿರದಿದ್ದರೂ ಎಣಿಕೆ ಇತ್ತು, ಅಷ್ಟೇ ಸಾಕಾಯಿತು. ನಂತರದ ಕ್ರೇ-1 ಯಂತ್ರಗಳಲ್ಲಿ ಪ್ರತಿ 64 ಬಿಟ್‌ಗಳಿಗೆ ಎಂಟು ಕಾವಲು ಬಿಟ್ ಸೇರಿದವು.

ಎರಡು ವರ್ಷ ಕಳೆದು, 1978ರಲ್ಲಿ, ಇಂಟೆಲ್ ಸಂಸ್ಥೆಯ ತಿಮೊಥಿ ಮೇ ಮತ್ತು ಮರೆ ವುಡ್ಸ್ ಇನ್ನೊಂದು ಕಾರಣ ಕಂಡುಹಿಡಿದರು. ಮೆಮೊರಿ ಚಿಪ್ಪನ್ನು ಮುಚ್ಚುವ ಪಿಂಗಾಣಿಯ ಕವಚದಲ್ಲೇ ಯುರೇನಿಯಂ, ಥೋರಿಯಂಗಳ ಸೂಕ್ಷ್ಮ ಅಂಶ ಸೇರಿತ್ತು. ಅದರಿಂದ ಹೊಮ್ಮುವ ಆಲ್ಫಾ ಕಣಗಳು ಬಿಟ್‌ಗಳನ್ನು ಮಗುಚುತ್ತಿದ್ದವು. ಚಿಪ್ಪು ಕೆಟ್ಟಿರುವುದಿಲ್ಲ, ಮತ್ತೆ ಪರೀಕ್ಷಿಸಿದರೆ ಎಲ್ಲ ಸರಿ. ಆದರೂ ಅದರಲ್ಲಿದ್ದ ಅಂಕಿ ಬೇರೆಯಾಗಿರುತ್ತದೆ. ಇಂಥದ್ದಕ್ಕೆ ‘ಸಾಫ್ಟ್ ಎರರ್’ ಎಂಬ ಹೆಸರು ಬಂತು. ಚೆನ್ನಾಗಿ ಕಟ್ಟಿದರೆ ಯಂತ್ರ ತಪ್ಪುವುದಿಲ್ಲ ಎಂಬ ನಂಬಿಕೆ ಅಲ್ಲಿಗೆ ಮುಗಿಯಿತು.

ಈ ಅರಿವಿನ ನೆರಳಿನಲ್ಲೇ ಹುಟ್ಟಿದ್ದು 1981ರ ಐಬಿಎಂ ಪಿಸಿ. ಮನೆ ಮತ್ತು ಸಣ್ಣ ಕಚೇರಿಗಳ ಅಗ್ಗದ ಯಂತ್ರವಾದರೂ ಅದರ ಮೆಮೊರಿಯಲ್ಲಿ ಎಂಟಕ್ಕೊಂದು ಒಂಬತ್ತನೆಯ ಬಿಟ್ ಇತ್ತು. ಅದರ ಬಸ್ಸಿನ ಪಿನ್ನುಗಳ ಪಟ್ಟಿ ತೆಗೆದು ನೋಡಿದರೆ ಎ-1 ಎಂಬ ಮೊಟ್ಟಮೊದಲ ಪಿನ್ ಕೊಟ್ಟಿರುವುದು ದೂರು ಹೇಳುವ ತಂತಿಗೆ. ಮಾಹಿತಿಯ ಎಂಟು ತಂತಿಗಳು ಶುರುವಾಗುವುದು ಅದರ ನಂತರ. ಬಸ್ಸಿಗೆ ಚುಚ್ಚಿದ ಯಾವುದೇ ಕಾರ್ಡು ತನ್ನಲ್ಲಿ ತಪ್ಪು ಕಂಡರೆ ಆ ತಂತಿಯನ್ನು ಎಳೆಯಬಹುದಿತ್ತು. ವಿಚಿತ್ರವೆಂದರೆ ಬಸ್ಸಿನ ಮೇಲೆ ಹರಿಯುವ ಮಾಹಿತಿಗೆ ಮಾತ್ರ ಪ್ಯಾರಿಟಿ ತಂತಿ ಇರಲಿಲ್ಲ. ದೂರು ಪೆಟ್ಟಿಗೆ ಇತ್ತು, ದಾರಿಗೆ ಕಾವಲಿರಲಿಲ್ಲ.

ದೂರು ಬಂದರೆ ಯಂತ್ರ ಏನು ಮಾಡುತ್ತಿತ್ತು? ಪ್ರೊಸೆಸರಿಗೆ ತಳ್ಳಿಹಾಕಲಾಗದ ಒಂದು ಸಂಕೇತ ಹೋಗುತ್ತಿತ್ತು. ಪರದೆಯ ಮೇಲೆ ‘ಪ್ಯಾರಿಟಿ ಚೆಕ್ 1’ ಅಥವಾ ‘ಪ್ಯಾರಿಟಿ ಚೆಕ್ 2’ ಎಂದು ಮೂಡಿ ಎಲ್ಲವೂ ನಿಂತುಬಿಡುತ್ತಿತ್ತು. ಮೊದಲನೆಯದು ಮುಖ್ಯ ಬೋರ್ಡಿನ ತಪ್ಪು, ಎರಡನೆಯದು ಬಸ್ಸಿಗೆ ಚುಚ್ಚಿದ ಕಾರ್ಡಿನದು. ಡಿಸ್ಕಿಗೆ ಉಳಿಸದೆ ಬೆಳಗಿನಿಂದ ಟೈಪು ಮಾಡಿದ ಪತ್ರವೋ ಲೆಕ್ಕದ ಹಾಳೆಯೋ ಅಲ್ಲಿಗೆ ಹೋಯಿತು. ನ್ಯಾಯವಾಗಿ ನೋಡಿದರೆ ಯಂತ್ರ ಮಾಡಿದ್ದು ಸರಿ: ತಪ್ಪು ಲೆಕ್ಕವನ್ನು ಡಿಸ್ಕಿಗೆ ಬರೆಯುವುದಕ್ಕಿಂತ ನಿಲ್ಲುವುದು ಮೇಲು. ಆದರೆ ಮುಂದೆ ಕೂತವನಿಗೆ ಕಾಣುವುದು ನಿಂತ ಯಂತ್ರ ಮಾತ್ರ. ಪ್ಯಾರಿಟಿ ಇಲ್ಲದ ಯಂತ್ರ ಅದೇ ತಪ್ಪನ್ನು ನುಂಗಿಕೊಂಡು ಮುಂದೆ ಹೋಗುತ್ತಿತ್ತು, ಗಟ್ಟಿ ಯಂತ್ರ ಎನ್ನಿಸಿಕೊಳ್ಳುತ್ತಿತ್ತು.

ಮಾರುಕಟ್ಟೆ ಈ ಪಾಠವನ್ನು ಬೇಗ ಕಲಿಯಿತು. ಒಂಬತ್ತನೆಯ ಬಿಟ್ ಎಂದರೆ ಮೆಮೊರಿಗೆ ಎಂಟರಲ್ಲಿ ಒಂದು ಪಾಲು ಹೆಚ್ಚು ಖರ್ಚು. 1995ರಲ್ಲಿ ಇಂಟೆಲ್ ಸಾಮಾನ್ಯ ಪೆಂಟಿಯಂ ಯಂತ್ರಗಳಿಗೆಂದು ತಂದ 430ಎಫ್ಎಕ್ಸ್ ಚಿಪ್‌ಸೆಟ್ ಪ್ಯಾರಿಟಿಯನ್ನು ಕೈಬಿಟ್ಟಿತು. ಆ ಕಾಲದ ಮನೆಯ ಕಂಪ್ಯೂಟರುಗಳಿಂದ ಒಂಬತ್ತನೆಯ ಬಿಟ್ ಮೆಲ್ಲಗೆ ಮರೆಯಾಯಿತು. ಅದಕ್ಕಿಂತ ಕೆಟ್ಟದ್ದೂ ನಡೆಯಿತು. ಪ್ಯಾರಿಟಿ ಕಡ್ಡಾಯವಾಗಿದ್ದ ಯಂತ್ರಗಳಿಗೆಂದು ಕೆಲವರು ನಕಲಿ ಪ್ಯಾರಿಟಿಯ ಮೆಮೊರಿ ಮಾರಿದರು. ಅದರಲ್ಲಿ ಒಂಬತ್ತನೆಯ ಬಿಟ್ಟನ್ನು ಇಟ್ಟುಕೊಳ್ಳುವ ಜಾಗವೇ ಇರಲಿಲ್ಲ. ಬದಲಿಗೆ ಒಂದು ಸಣ್ಣ ಚಿಪ್ಪು, ಓದುವ ಗಳಿಗೆಯಲ್ಲಿ ಅಲ್ಲಿರುವ ಎಂಟು ಬಿಟ್‌ಗಳನ್ನೇ ನೋಡಿ, ಅವುಗಳಿಗೆ ಹೊಂದುವ ಒಂಬತ್ತನೆಯದನ್ನು ಆಗಲೇ ಹುಟ್ಟಿಸಿ ಕೊಡುತ್ತಿತ್ತು. ಎಂಟರಲ್ಲಿ ಎಷ್ಟು ಮಗುಚಿದ್ದರೂ ತಾಳೆ ಸರಿ! ಟಿಕೆಟ್ ಎಷ್ಟು ಕೊಟ್ಟಿದೆ ಎಂದು ನೋಡದೆ, ಕೂತ ತಲೆಗಳನ್ನೇ ಎಣಿಸಿ ಅಷ್ಟೇ ಟಿಕೆಟ್ ಕೊಟ್ಟಿದ್ದೇನೆ ಎಂದು ಬರೆಯುವ ಕಂಡಕ್ಟರನ ಹಾಗೆ. ಕಾವಲುಗಾರನಿಲ್ಲದ ಮನೆಯವನು ಚಿಲಕವನ್ನಾದರೂ ಹಾಕಿಕೊಳ್ಳುತ್ತಾನೆ. ಕಾವಲುಗಾರನ ವೇಷ ಬಾಗಿಲಲ್ಲಿ ನಿಂತಿದ್ದರೆ ಅದೂ ಇಲ್ಲ.

ಇದೇ ಹೊತ್ತಿನಲ್ಲಿ, 1992ರಲ್ಲಿ, ಇಂಟೆಲ್ ರೂಪಿಸಿದ ಪಿಸಿಐ ಬಸ್ ಬಂತು. ಸೆಕೆಂಡಿಗೆ 3.3 ಕೋಟಿ ಬಾರಿ ಮಿಡಿಯುವ ಗಡಿಯಾರ, 32 ಮಾಹಿತಿ ತಂತಿ, ನಾಲ್ಕು ಆಜ್ಞೆಯ ತಂತಿ, ಈ 36ಕ್ಕೂ ಸೇರಿ ಒಂದು ಪ್ಯಾರಿಟಿ ತಂತಿ. ದೂರು ಹೇಳಲು ಎರಡು ತಂತಿ: ಮಾಹಿತಿ ಕೆಟ್ಟರೆ ಒಂದು, ವಿಳಾಸವೇ ಕೆಟ್ಟರೆ ಇನ್ನೊಂದು. ಈ ವಿಂಗಡಣೆಯಲ್ಲಿ ವಿವೇಕವಿದೆ. ಕಾಗದದಲ್ಲಿನ ಒಂದು ಅಕ್ಷರ ಅಳಿಸಿದ್ದರೆ ಮತ್ತೆ ಬರೆಸಿಕೊಳ್ಳಬಹುದು. ವಿಳಾಸವೇ ತಪ್ಪಿದ್ದರೆ ಅದು ಯಾರ ಮನೆಗೆ ಹೋಯಿತೋ ಯಾರಿಗೆ ಗೊತ್ತು?

ಆದರೆ ನಿಯಮದಲ್ಲಿ ಇನ್ನೊಂದು ಮಾತೂ ಇತ್ತು. ಪ್ರತಿಯೊಂದು ಕಾರ್ಡೂ ಪ್ಯಾರಿಟಿಯನ್ನು ಹುಟ್ಟಿಸಲೇಬೇಕು. ತಪ್ಪು ಕಂಡಾಗ ದೂರು ಕೊಡಬೇಕೋ ಬೇಡವೋ ಎನ್ನುವುದಕ್ಕೆ ಬೇರೆ ಗುಂಡಿ. ಯಂತ್ರ ಚಾಲೂ ಆದಾಗ ಆ ಗುಂಡಿ ಆಫ್ ಸ್ಥಿತಿಯಲ್ಲಿರುತ್ತದೆ. ಯಾವುದಾದರೂ ತಂತ್ರಾಂಶ ಬಂದು ಅದನ್ನು ಹಾಕಬೇಕು. ಪರದೆಗೆ ಚಿತ್ರ, ಸ್ಪೀಕರಿಗೆ ಸದ್ದು ಕಳಿಸುವ ಬಗೆಯ ಕಾರ್ಡುಗಳಿಗೆ ವಿನಾಯಿತಿಯೂ ಇತ್ತು: ಒಂದು ಚುಕ್ಕೆಯ ಬಣ್ಣ ಗಳಿಗೆಯ ಮಟ್ಟಿಗೆ ಬೇರೆಯಾದರೆ ಯಾರ ಗಂಟೂ ಹೋಗುವುದಿಲ್ಲ ಎಂಬ ತರ್ಕ. ಹೀಗಿದ್ದರೂ ನಿಯಮ ಬರೆದವರು ಒಂದು ಕಿಟಕಿ ತೆರೆದಿಟ್ಟರು. ದೂರು ಕೊಡುವ ಗುಂಡಿ ಆಫ್ ಇದ್ದರೂ, ತಪ್ಪು ಕಂಡ ಕಾರ್ಡು ತನ್ನ ಸ್ಥಿತಿಯ ರಿಜಿಸ್ಟರಿನ ಕೊನೆಯ ಬಿಟ್ಟಿನಲ್ಲಿ ಅದನ್ನು ಬರೆದಿಡಲೇಬೇಕು. ಕೇಳುವವರು ಇಲ್ಲದಿದ್ದರೂ ದಾಖಲೆ ಇರಲಿ. ಇಡೀ ನಿಯಮಾವಳಿಯಲ್ಲಿ ನನಗೆ ಅತ್ಯಂತ ಇಷ್ಟವಾಗುವ ಸಾಲು ಅದು.

ಬರೆದಿಡದಿದ್ದರೆ, ಬೇರೆ ದಿಕ್ಕಿನಿಂದ ತಾಳೆ ನೋಡದಿದ್ದರೆ ಏನಾಗಬಹುದು? 2003ರ ಮೇ 18ರಂದು ಬೆಲ್ಜಿಯಂನಲ್ಲಿ ಚುನಾವಣೆ ನಡೆಯಿತು. ಬ್ರಸೆಲ್ಸ್ ಪ್ರದೇಶದ ಸ್ಕಾರ್‌ಬೇಕ್ ಎಂಬಲ್ಲಿ ಎಲೆಕ್ಟ್ರಾನಿಕ್ ಯಂತ್ರದ ಎಣಿಕೆಯಲ್ಲಿ ಒಬ್ಬ ಅಭ್ಯರ್ಥಿಗೆ ಬಂದ ಮತಗಳು, ಅಲ್ಲಿನ ಮತದಾನ ಪದ್ಧತಿಯ ಪ್ರಕಾರ ಬರಲು ಸಾಧ್ಯವೇ ಇಲ್ಲದಷ್ಟು ಹೆಚ್ಚಿದ್ದವು. ಮತ್ತೆ ಎಣಿಸಿದಾಗ ಉಳಿದೆಲ್ಲ ಸರಿ. ಆ ಒಂದು ಅಂಕಿಯಲ್ಲಿ ಮಾತ್ರ ಸರಿಯಾಗಿ 4096 ಕಡಿಮೆಯಾಯಿತು. ಎರಡನ್ನು ಹನ್ನೆರಡು ಬಾರಿ ಗುಣಿಸಿದರೆ 4096. ಅಂದರೆ ಹದಿಮೂರನೆಯ ಸ್ಥಾನದ ಒಂದೇ ಒಂದು ಬಿಟ್ ಸೊನ್ನೆಯಿಂದ ಒಂದಾಗಿತ್ತು. ತಂತ್ರಾಂಶದಲ್ಲಿ ದೋಷ ಸಿಗಲಿಲ್ಲ, ಯಂತ್ರವನ್ನು ಪರೀಕ್ಷಿಸಿದಾಗ ತಪ್ಪು ಮರುಕಳಿಸಲಿಲ್ಲ. ಬಿಟ್ ತಾನಾಗಿ ಮಗುಚಿರಬೇಕು ಎಂಬ ತೀರ್ಮಾನಕ್ಕೆ ಬರಬೇಕಾಯಿತು. ಮಗುಚಿದ್ದು ಹದಿಮೂರನೆಯದರ ಬದಲು ನಾಲ್ಕನೆಯ ಬಿಟ್ ಆಗಿದ್ದರೆ ಎಂಟು ಮತ ಹೆಚ್ಚಾಗುತ್ತಿತ್ತು. ಎಂಟು ಮತ ಯಾರ ಕಣ್ಣಿಗೂ ಅಸಾಧ್ಯವೆಂದು ಕಾಣುವುದಿಲ್ಲ.

ಪಿಸಿಐ ಬಸ್ಸಿನ ವೇಗ ಏರಿಸಲು ಹೋದಾಗ ಬೇರೆ ತೊಡಕು ಎದುರಾಯಿತು. 32 ತಂತಿಗಳಲ್ಲಿ ಒಟ್ಟಿಗೆ ಹೊರಟ ಬಿಟ್‌ಗಳು ಒಟ್ಟಿಗೇ ತಲುಪಬೇಕು. ವೇಗ ಹೆಚ್ಚಿದಷ್ಟೂ ಒಂದು ಮುಂಚೆ, ಇನ್ನೊಂದು ತಡ. ಅದಕ್ಕೆ 2002ರಲ್ಲಿ ನಿಯಮಾವಳಿ ಸಿದ್ಧವಾದ ಪಿಸಿಐ ಎಕ್ಸ್‌ಪ್ರೆಸ್ ಸಾಲಾಗಿ ಹೋಗುವ ತಂತಿಗಳನ್ನು ಬಿಟ್ಟು, ಒಂದರ ಹಿಂದೊಂದು ಬಿಟ್ ಓಡುವ ಜೋಡಿ ತಂತಿಗಳನ್ನು ಆರಿಸಿಕೊಂಡಿತು. ಒಂದು ಜೋಡಿಯಲ್ಲಿ ಸೆಕೆಂಡಿಗೆ 250 ಕೋಟಿ ಬಿಟ್. ನಿಯಮಾವಳಿ ಕೇಳುವುದು ಲಕ್ಷ ಕೋಟಿ ಬಿಟ್‌ಗಳಿಗೆ ಒಂದಕ್ಕಿಂತ ಹೆಚ್ಚು ತಪ್ಪದಿರಲಿ ಎಂದು. ಕೇಳಲು ಭದ್ರವಾಗಿದೆ. ಭಾಗಿಸಿ ನೋಡಿ: 400 ಸೆಕೆಂಡಿಗೆ ಒಂದು. ಏಳು ನಿಮಿಷಕ್ಕೊಮ್ಮೆ ಒಂದು ಬಿಟ್ ಮಗುಚಿದರೂ ಆ ಬಸ್ ನಿಯಮದ ಪ್ರಕಾರ ಆರೋಗ್ಯವಾಗಿಯೇ ಇದೆ!

ಇಂಥ ಕಡೆ ತಪ್ಪು ಕಂಡಾಗಲೆಲ್ಲ ನಿಲ್ಲಲಾಗದು. ಹಾಗಾಗಿ ಪಿಸಿಐ ಎಕ್ಸ್‌ಪ್ರೆಸ್ ನಮ್ಮ ರಿಜಿಸ್ಟರ್ಡ್ ಅಂಚೆಯ ಪದ್ಧತಿ ಹಿಡಿಯಿತು. ಪ್ರತಿಯೊಂದು ಪೊಟ್ಟಣಕ್ಕೂ ಕ್ರಮಸಂಖ್ಯೆ, ಕೊನೆಯಲ್ಲಿ 32 ಬಿಟ್‌ಗಳ ತಾಳೆ ಸಂಖ್ಯೆ. ಕಳಿಸಿದವನು ಒಂದು ಪ್ರತಿಯನ್ನು ಇಟ್ಟುಕೊಂಡಿರುತ್ತಾನೆ. ಆ ಕಡೆಯಿಂದ ಸ್ವೀಕೃತಿ ಬಂದ ಮೇಲಷ್ಟೇ ಎಸೆಯುತ್ತಾನೆ. ‘ಕೆಟ್ಟಿದೆ’ ಎಂದು ಉತ್ತರ ಬಂದರೆ ಅಥವಾ ಉತ್ತರವೇ ಬಾರದಿದ್ದರೆ ಮತ್ತೆ ಕಳಿಸುತ್ತಾನೆ. ತಾಳೆ ಸಂಖ್ಯೆ ಬರುವುದು ಭಾಗಾಕಾರದಿಂದ. ಹಳೆಯ ಶಾಲಾ ಲೆಕ್ಕದಲ್ಲಿ ಒಂಬತ್ತುಗಳನ್ನು ಕಳೆದು ಉಳಿದ ಶೇಷದಿಂದ ಗುಣಾಕಾರ ಪರೀಕ್ಷಿಸುತ್ತಿದ್ದರಲ್ಲ, ಅದರ ದೂರದ ನೆಂಟ ಎನ್ನಬಹುದು. ಇಡೀ ಪೊಟ್ಟಣವನ್ನು ಒಂದು ದೊಡ್ಡ ಸಂಖ್ಯೆಯಂತೆ ಬಗೆದು, ಗೊತ್ತುಮಾಡಿದ ಭಾಜಕದಿಂದ ವಿಶೇಷ ರೀತಿಯಲ್ಲಿ ಭಾಗಿಸಿ, ಬಂದ ಶೇಷವನ್ನು ಹಿಂದೆ ಅಂಟಿಸುವುದು. 1961ರಲ್ಲಿ ವೆಸ್ಲಿ ಪೀಟರ್ಸನ್ ಮತ್ತು ಬ್ರೌನ್ ಬರೆದ ಪ್ರಬಂಧದಿಂದ ಪ್ರಸಿದ್ಧವಾದ ಈ ವಿಧಾನ, ಅಕ್ಕಪಕ್ಕದ 32 ಬಿಟ್‌ಗಳೊಳಗೆ ಏನೇ ಕೆಟ್ಟಿದ್ದರೂ ಖಂಡಿತ ಹಿಡಿಯುತ್ತದೆ.

ಹಿಡಿದ ತಪ್ಪುಗಳಿಗೆ ಮೂರು ದರ್ಜೆ: ಯಂತ್ರವೇ ತಿದ್ದಿಕೊಂಡದ್ದು, ತಿದ್ದಲಾಗದಿದ್ದರೂ ಸಂಪರ್ಕ ಉಳಿದದ್ದು, ಸಂಪರ್ಕವನ್ನೇ ನಂಬಲಾಗದ್ದು. ಇದರ ಜೊತೆಗೆ ಇನ್ನೊಂದು ಏರ್ಪಾಡಿದೆ. ಸಾಗಿಸುವವನಿಗೆ ತನ್ನ ಕೈಯಲ್ಲಿರುವ ಮಾಹಿತಿ ಕೆಟ್ಟದ್ದೆಂದು ಮೊದಲೇ ಗೊತ್ತಿದ್ದರೆ ಅದನ್ನು ಮುಚ್ಚಿಡದೆ, ಎಸೆಯದೆ, ಪೊಟ್ಟಣದ ಮೇಲೆ ‘ವಿಷ’ ಎಂದು ಒಂದು ಬಿಟ್ ಗುರುತು ಹಾಕಿ ಮುಂದೆ ಕಳಿಸಬಹುದು. ಎಂಜಿನಿಯರುಗಳು ಬಳಸುವುದು ನಿಜವಾಗಿಯೂ ವಿಷ ಎಂಬ ಪದವನ್ನೇ. ನಿಲ್ಲಬೇಕೆ ಬೇಡವೆ ಎನ್ನುವುದನ್ನು ತಲುಪಿದವನು ತೀರ್ಮಾನಿಸುತ್ತಾನೆ. ನಿಲ್ಲುವುದು ಮತ್ತು ನುಂಗಿಕೊಳ್ಳುವುದು ಎಂಬ ಎರಡೇ ದಾರಿಗಳ ನಡುವೆ ಸಿಕ್ಕ ಮೂರನೆಯದು ಇದು: ಹೇಳಿ ಕೊಡುವುದು.

ವೇಗ ಏರುತ್ತಲೇ ಹೋಯಿತು. 2022ರಲ್ಲಿ ಬಂದ ಆರನೆಯ ಆವೃತ್ತಿಯಲ್ಲಿ ಒಂದು ಜೋಡಿ ತಂತಿ ಸೆಕೆಂಡಿಗೆ 6,400 ಕೋಟಿ ಬಿಟ್ ಸಾಗಿಸುತ್ತದೆ. ಇಷ್ಟು ವೇಗಕ್ಕೆ ಒಂದೊಂದು ಮಿಡಿತದಲ್ಲಿ ಎರಡರ ಬದಲು ನಾಲ್ಕು ವೋಲ್ಟೇಜ್ ಮಟ್ಟಗಳನ್ನು ಗುರುತಿಸಬೇಕು. ಮಟ್ಟಗಳ ನಡುವಿನ ಅಂತರ ಕಿರಿದಾಗಿ ತಪ್ಪು ಹೆಚ್ಚುತ್ತದೆ. ಈಗ ಒಪ್ಪಿಕೊಂಡಿರುವ ಮಿತಿ ಹತ್ತು ಲಕ್ಷಕ್ಕೊಂದು, ಎಂದರೆ ಸೆಕೆಂಡಿಗೆ 64 ಸಾವಿರ. ಪ್ರತಿ ಬಾರಿಯೂ ಮತ್ತೆ ಕಳಿಸುತ್ತ ಕೂತರೆ ಕೆಲಸ ಸಾಗದು. ಆದ್ದರಿಂದ 256 ಬೈಟ್‌ಗಳ ಪ್ರತಿ ಕಂತಿನಲ್ಲಿ ಆರು ಬೈಟ್ ತಪ್ಪು ತಿದ್ದಲು, ಎಂಟು ಬೈಟ್ ತಿದ್ದಿದ ಮೇಲೂ ಉಳಿದದ್ದನ್ನು ಪತ್ತೆ ಹಚ್ಚಲು ಮೀಸಲು. ಹ್ಯಾಮಿಂಗ್ ಬಯಸಿದ್ದು ಕೊನೆಗೆ ಬಸ್ಸಿನ ಮೇಲೂ ಬಂತು. ಜೊತೆಗೆ ಒಂದು ಹೊಸ ಅಪಾಯವೂ ಬಂತು: ತಪ್ಪು ತಾನಾಗಿ ತಿದ್ದಿಹೋಗುವಾಗ ಸಡಿಲವಾದ ಸಾಕೆಟ್ಟೋ ಸವೆದ ತಂತಿಯೋ ಯಾರ ಗಮನಕ್ಕೂ ಬಾರದೆ ಉಳಿಯುತ್ತದೆ. ತಿದ್ದಿದ ತಪ್ಪುಗಳ ಎಣಿಕೆ ಯಂತ್ರದಲ್ಲಿರುತ್ತದೆ. ಅದನ್ನು ತೆರೆದು ಓದುವವರು ಬೇಕು.

ಇಷ್ಟೆಲ್ಲ ಕಾವಲಿದ್ದೂ 2021ರಲ್ಲಿ ಫೇಸ್‌ಬುಕ್ಕಿನ ಎಂಜಿನಿಯರುಗಳು ಪ್ರಕಟಿಸಿದ ಒಂದು ಪ್ರಬಂಧ ಹಲವರ ನಿದ್ದೆಗೆಡಿಸಿತು. ಅವರ ಸರ್ವರುಗಳಲ್ಲಿ ಕೆಲವು ಫೈಲುಗಳು ಕಾಣೆಯಾಗುತ್ತಿದ್ದವು. ಬೆನ್ನುಹತ್ತಿ ಹೋದಾಗ ಸಿಕ್ಕಿದ್ದು ಒಂದು ಪ್ರೊಸೆಸರಿನ ಒಂದೇ ಒಂದು ಕೋರ್. ಅದಕ್ಕೆ 1.1ರ 53ನೆಯ ಘಾತದ ಪೂರ್ಣಾಂಕ ಕೇಳಿದರೆ 156 ಎನ್ನುವ ಬದಲು ಸೊನ್ನೆ ಎನ್ನುತ್ತಿತ್ತು. ಬೇರೆ ಎಷ್ಟೋ ಲೆಕ್ಕಗಳನ್ನು ಸರಿಯಾಗಿಯೇ ಮಾಡುತ್ತಿತ್ತು. ಆ ಸೊನ್ನೆಯನ್ನು ಫೈಲಿನ ಅಳತೆ ಎಂದುಕೊಂಡು ತಂತ್ರಾಂಶ ಫೈಲನ್ನೇ ಬಿಟ್ಟುಬಿಡುತ್ತಿತ್ತು. ಮೆಮೊರಿಯಲ್ಲಿ ಕಾವಲಿತ್ತು, ಬಸ್ಸಿನಲ್ಲೂ ಇತ್ತು. ಆದರೆ ಅವು ಕಾಯುವುದು ಕೊಟ್ಟದ್ದು ಕೊಟ್ಟ ಹಾಗೆ ತಲುಪಲಿ ಎಂಬುದನ್ನು. ಹೊರಡುವ ಮೊದಲೇ ತಪ್ಪಾಗಿದ್ದ ಉತ್ತರಕ್ಕೆ ಅವು ಸರಿಯಾದ ತಾಳೆ ಸಂಖ್ಯೆ ಅಂಟಿಸಿ, ಒಂದು ಬಿಟ್ಟೂ ಕೆಡದಂತೆ, ನಿಷ್ಠೆಯಿಂದ ತಲುಪಿಸಿದವು.

ನಕಲಿ ಪ್ಯಾರಿಟಿಯ ಚಿಪ್ಪಿನಲ್ಲಿ ಮೋಸವಿತ್ತು. ಇಲ್ಲಿ ಯಾರ ಮೋಸವೂ ಇಲ್ಲ. ಆದರೂ ಫಲ ಒಂದೇ: ಎಲ್ಲ ಸರಿಯಿದೆ ಎಂಬ ಮೊಹರಿನ ಕೆಳಗೆ ತಪ್ಪು ಉತ್ತರ. ನಮ್ಮ ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ವರದಿ, ಜಮೀನಿನ ಪಹಣಿ ಎಲ್ಲವೂ ಇಂಥ ಬಸ್ಸುಗಳಲ್ಲೇ ಓಡಾಡುತ್ತಿರುವಾಗ ಇದು ಎಂಜಿನಿಯರುಗಳ ಕೋಣೆಯೊಳಗಿನ ವಿಷಯವಾಗಿ ಉಳಿದಿಲ್ಲ. ದೊಡ್ಡ ಡೇಟಾ ಕೇಂದ್ರಗಳಲ್ಲಿ ಈಗ ಮಾಡುತ್ತಿರುವ ಉಪಾಯ ಯೂನಿವ್ಯಾಕ್ ಕಾಲದವರಿಗೂ ಅರ್ಥವಾಗುವಂಥದ್ದು. ಕೆಲಸದ ನಡುವೆ ಬಿಡುವು ಮಾಡಿಕೊಂಡು, ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಪ್ರತಿಯೊಂದು ಕೋರಿಗೂ ಕೊಡುತ್ತಾರೆ. ಅದು ಹೇಳಿದ್ದನ್ನು ಕೈಯಲ್ಲಿರುವ ಉತ್ತರದ ಜೊತೆ ತಾಳೆ ನೋಡುತ್ತಾರೆ. ತಪ್ಪಿದ ಕೋರನ್ನು ಕೆಲಸದಿಂದ ಇಳಿಸುತ್ತಾರೆ. ಮರುದಿನ ಮತ್ತೆ ಕೇಳುತ್ತಾರೆ, ಏಕೆಂದರೆ ನಿನ್ನೆ ಸರಿ ಹೇಳಿದ್ದು ಇಂದೂ ಸರಿ ಹೇಳುತ್ತದೆ ಎಂಬ ಭರವಸೆಯನ್ನು ಯಾರೂ ಕೊಟ್ಟಿಲ್ಲ.